ದುರಗಪ್ಪನ ಅಂಗಡಿಯಲ್ಲಿ ಕಪ್ಪು ಮುಗಿದ ದಿನ

ರಂಗಂಪೇಟೆಯ ದುರಗಪ್ಪನಿಗೆ ಈ ಲೋಕದಲ್ಲಿ ಕಣ್ಣಿಂದ ನೋಡಲಾಗದ ಸಂಗತಿಗಳು ಎರಡೇ ಇದ್ದವು. ಒಂದು, ಕಾಗದದ ಮೇಲಿನ ಮಂಕು ಅಕ್ಷರ. ಇನ್ನೊಂದು, ರಸ್ತೆಯಾಚೆ ಕಲ್ಪನಾಳ ಅಂಗಡಿಯ ಮುಂದೆ ಗಿರಾಕಿಗಳು ಬಿಟ್ಟ ಚಪ್ಪಲಿಗಳು. ಮೊದಲನೆಯದಕ್ಕೆ ಅವನ ಹತ್ತಿರ ಮದ್ದಿತ್ತು. ಪ್ರಿಂಟರಿಗೆ ಒಳ್ಳೆಯ ಕಪ್ಪು ಇಂಕು ಸುರಿದು ಮತ್ತೊಮ್ಮೆ ತೆಗೆದರೆ ಅಕ್ಷರ ದುಂಡಗೆ, ಕಪ್ಪಗೆ ಎದ್ದು ಕೂರುತ್ತಿತ್ತು. ಎರಡನೆಯದಕ್ಕೆ ಮದ್ದು ಸುರಪುರದಲ್ಲೂ ಸಿಕ್ಕಿರಲಿಲ್ಲ, ಯಾದಗಿರಿಯಲ್ಲೂ ಸಿಕ್ಕಿರಲಿಲ್ಲ.

ದುರಗಪ್ಪನ ಅಪ್ಪ ಗೌಂಡಿ ಕೆಲಸದವನು, ಹೆಬ್ಬೆಟ್ಟಿನವನು. ಮಗ ಹತ್ತನೆಯ ತರಗತಿ ಪಾಸಾದ ಮೇಲೆ ಶಹಾಪುರದ ಟೈಪಿಂಗ್ ಕ್ಲಾಸಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಕನ್ನಡ ಟೈಪಿಂಗ್ ಕಲಿತ. ಸರ್ಕಾರಿ ನೌಕರಿ ಇವತ್ತು ಸಿಗುತ್ತದೆ, ನಾಳೆ ಸಿಗುತ್ತದೆ ಎಂದು ಕಾದು ಸಾಕಾಗಿ, ತಹಸೀಲ್ ಕಚೇರಿಯ ಬೇವಿನ ಮರದ ಕೆಳಗೆ ಮೇಜು ಹಾಕಿ, ಹಳೆಯದೊಂದು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡಲು ಕುಳಿತ. ಉಳಿದವರು ರಿಬ್ಬನ್ನು ಹರಿದು ಚಿಂದಿಯಾಗುವವರೆಗೂ ಅದರಲ್ಲೇ ಕುಟ್ಟುತ್ತಿದ್ದರು. ಇವನು ಮಾತ್ರ ಬಣ್ಣ ಚೂರು ಇಳಿಯಿತು ಅನ್ನಿಸಿದರೆ ಸಾಕು, ಕಿತ್ತು ಹೊಸದು ಹಾಕುತ್ತಿದ್ದ. ಕೀಲಿಗಳ ಮೇಲೆ ಯಾವುದೋ ಹಳೆಯ ಸಿಟ್ಟು ಇದ್ದವನ ಹಾಗೆ ಕುಟ್ಟುತ್ತಿದ್ದ. ಆಗಿನ ಶಿರಸ್ತೇದಾರರು ಒಮ್ಮೆ ನಾಲ್ಕು ಜನರ ಎದುರಿಗೆ, ದುರಗಪ್ಪನ ಅರ್ಜಿ ಓದಲು ತನಗೆ ಚಷ್ಮಾ ಬೇಕಾಗಿಲ್ಲ ಅಂದಿದ್ದರು. ಆ ಶಿರಸ್ತೇದಾರರು ವರ್ಗವಾಗಿ ಹೋದರು, ನಿವೃತ್ತರಾದರು, ಬಹುಶಃ ತೀರಿಕೊಂಡೂ ಇರಬಹುದು. ಆ ಮಾತು ಮಾತ್ರ ದುರಗಪ್ಪನ ಕಿವಿಯಲ್ಲಿ ಇನ್ನೂ ನಿನ್ನೆ ಮೊನ್ನೆ ಹೇಳಿದಷ್ಟು ಬೆಚ್ಚಗಿತ್ತು.

ಟೈಪ್‌ರೈಟರ್ ಹೋಗಿ ಝೆರಾಕ್ಸ್ ಬಂತು, ಝೆರಾಕ್ಸಿನ ಬೆನ್ನಿಗೆ ಕಂಪ್ಯೂಟರ್ ಬಂತು. ದುರಗಪ್ಪ ಮರದ ಕೆಳಗಿನಿಂದ ಎದ್ದು ರಂಗಂಪೇಟೆಯ ರಸ್ತೆಯಲ್ಲಿ ಪತ್ರಾಸು ತಗಡು ಹೊದಿಸಿದ ಒಂದು ಮಳಿಗೆ ಹಿಡಿದ. ಎಲ್ಲ ಬದಲಾದರೂ ಕಪ್ಪಿನ ಹುಚ್ಚು ಬದಲಾಗಲಿಲ್ಲ. ಅವನ ಪ್ರಿಂಟರಿನ ಮೂತಿಯಲ್ಲಿ ಇಂಕು ಎಷ್ಟಿದೆ ಎಂದು ತೋರುವ ಸಣ್ಣ ಗಾಜಿನಂಥ ಕಿಟಕಿಗಳಿದ್ದವು. ಬಣ್ಣದವು ಏನಾದರೂ ಆಗಲಿ, ಕಪ್ಪಿನ ಕಿಟಕಿ ಸದಾ ಕುತ್ತಿಗೆಯವರೆಗೆ ತುಂಬಿರಬೇಕು. ಅದರ ಮೇಲೆ ಇನ್ನೊಂದು ಕಪ್ಪು ಬಾಟಲಿ, ಒಡೆಯದ ಸೀಲಿನದು, ಗೋಡೆಯ ಹಲಗೆಯ ಮೇಲೆ ಮೌನೇಶ್ವರನ ಫೋಟೋದ ಹಿಂದೆ ಇರಲೇಬೇಕು. ಅಮಾವಾಸ್ಯೆಗೊಮ್ಮೆ ಫೋಟೋಕ್ಕೆ ಊದಿನಕಡ್ಡಿ ಬೆಳಗುವಾಗ ಬಾಟಲಿಗೂ ಅರ್ಧ ಪೂಜೆ ಸಲ್ಲುತ್ತಿತ್ತು.

ಇನ್ನು ಹೊಟ್ಟೆಕಿಚ್ಚು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಊರಿಗೆಲ್ಲ ಗೊತ್ತಿರುವುದೇ. ಚಿಕ್ಕಂದಿನಲ್ಲಿ ತಮ್ಮನ ತಾಟಿನಲ್ಲಿ ಬೆಲ್ಲ ಜಾಸ್ತಿ ಬಿತ್ತೆಂದು ಊಟ ಬಿಟ್ಟು ಎದ್ದವನು ಇವನು. ಮರದ ಕೆಳಗೆ ಕುಳಿತಾಗ ಪಕ್ಕದ ಮೇಜಿನವನ ಹತ್ತಿರ ಗಿರಾಕಿ ನಿಂತರೆ ಇವನ ಬೆರಳುಗಳು ತಪ್ಪು ಕೀಲಿಗೆ ಬೀಳುತ್ತಿದ್ದವು. ಆದರೂ ಅವೆಲ್ಲ ಬಂದು ಹೋಗುವ ನೆಗಡಿ. ಕಲ್ಪನಾ ಬಂದ ಮೇಲೆ ಹತ್ತಿದ್ದು ಮಾತ್ರ ಬಿಡದ ಜ್ವರ.

ಕಲ್ಪನಾ ಬೇರೆ ಯಾರೂ ಅಲ್ಲ, ಅದೇ ಓಣಿಯ ಟೇಲರ್ ಮಲ್ಲಣ್ಣನ ಮಗಳು. ಗಂಡ ಯಾದಗಿರಿ ಬಸ್ಸಿನಲ್ಲಿ ಕಂಡಕ್ಟರ್. ಮದುವೆಯಾಗಿ ಊರಲ್ಲೇ ಉಳಿದ ಅವಳು ಒಂದು ದಿನ ದುರಗಪ್ಪನ ಎದುರುಗಡೆಯ ಮಳಿಗೆಯ ಬಾಗಿಲು ತೆಗೆಸಿ, ಸುಣ್ಣ ಹೊಡೆಸಿ, ಅವನಲ್ಲಿರುವಂಥದೇ ಕಂಪ್ಯೂಟರ್, ಅವನಲ್ಲಿರುವಂಥದೇ ಪ್ರಿಂಟರ್ ಇಟ್ಟಳು. ಪೂಜೆಯ ದಿನ ಪೇಢೆ ತಂದು ಕೊಟ್ಟು, ಕಾಕಾ ಆಶೀರ್ವಾದ ಮಾಡಿರಿ ಎಂದು ಕಾಲಿಗೂ ಬಿದ್ದಳು. ದುರಗಪ್ಪ ಆಶೀರ್ವಾದ ಮಾಡಿದ. ಪೇಢೆ ತಿನ್ನಲಿಲ್ಲ.

ಅವಳ ಪ್ರಿಂಟು ಇವನದಕ್ಕಿಂತ ಒಂದು ಪಾಲು ಮಂಕೇ. ಇದನ್ನು ಅವನು ಬಿಸಿಲಿಗೆ ಹಿಡಿದು ನೋಡಿ ಖಾತ್ರಿ ಮಾಡಿಕೊಂಡಿದ್ದ. ಆದರೂ ಚಪ್ಪಲಿಗಳು ಆಚೆ ದಡದಲ್ಲೇ ಬೀಳುತ್ತಿದ್ದವು. ಕಾರಣ ಒಂದೇ. ದುರಗಪ್ಪ ಕಂಪ್ಯೂಟರಿನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದ. ಗಿರಾಕಿ ಹೇಳಬೇಕು, ಇವನು ಬಡಿಯಬೇಕು, ಕಾಗದ ಹೊರಗೆ ಬಂದ ಮೇಲೆಯೇ ದರ್ಶನ. ಕಲ್ಪನಾ ತನ್ನದನ್ನು ಗಿರಾಕಿಯ ಕಡೆ ತಿರುಗಿಸಿ, ನಿಮ್ಮ ಹೆಸರು ಸರಿ ಬಂದಿದೆಯೇ ನೋಡಿರಿ ಎಂದು ಕೇಳಿ ಆಮೇಲೆ ತೆಗೆಯುತ್ತಿದ್ದಳು. ಓದು ಬಾರದ ಹೆಣ್ಣುಮಕ್ಕಳಿಗೆ ಬೆರಳಿಟ್ಟು ಓದಿ ಹೇಳುತ್ತಿದ್ದಳು. ಕುಡಿಯಲು ನೀರಿಟ್ಟಿದ್ದಳು, ಕೂರಲು ಬೆಂಚು ಹಾಕಿದ್ದಳು. ಬೆಂಚು ಹಾಕಿದರೆ ಮಂದಿ ಎಲ್ಲಾದರೂ ಕೂರುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ ಎಂದು ದುರಗಪ್ಪ ಹಲ್ಲು ಕಡಿಯುತ್ತಿದ್ದ. ತಾನೊಂದು ಬೆಂಚು ಹಾಕಬಹುದಿತ್ತು. ಹಾಕಿದರೆ ಅವಳನ್ನು ನೋಡಿ ಹಾಕಿದ ಎನ್ನುತ್ತಾರಲ್ಲ ಎಂದು ಹಾಕಲಿಲ್ಲ.

ಇಷ್ಟೂ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ತಡೆದುಕೊಳ್ಳಲಾಗದ್ದು ಮಲ್ಲಾಬಾಯಿಯ ರೊಟ್ಟಿ.

ಮಲ್ಲಾಬಾಯಿ ಅವನ ಹೆಂಡತಿ. ಹೆಚ್ಚು ಮಾತಿಲ್ಲದ, ಆದರೆ ಮನಸ್ಸು ಮಾಡಿದರೆ ಹಿಂದೆ ಸರಿಯದ ಹೆಂಗಸು. ದಿನಾ ಮಧ್ಯಾಹ್ನ ಬಿಸಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಅಂಗಡಿಗೆ ಬರುವುದು ಅವಳ ರೂಢಿ. ಮನೆಯಿಂದ ಬರುವ ದಾರಿಯಲ್ಲಿ ಮೊದಲು ಸಿಗುವುದು ಕಲ್ಪನಾಳ ಅಂಗಡಿ. ಅಲ್ಲಿ ಬೆಂಚಿನ ಮೇಲೆ ಕೂತು, ಅದೇನು ಮಾತೋ, ಅದೇನು ನಗೆಯೋ, ಒಂದು ರೊಟ್ಟಿಯನ್ನು ಆ ಹುಡುಗಿಗೆ ಕೊಟ್ಟು, ಆಮೇಲೆ ರಸ್ತೆ ದಾಟಿ ಗಂಡನ ಬಳಿ ಬರುತ್ತಿದ್ದಳು. ಅಷ್ಟರಲ್ಲಿ ರೊಟ್ಟಿ ಆರಿ ತಣ್ಣಗಾಗಿರುತ್ತಿತ್ತು. ಕಟ್ಟಿಕೊಂಡ ಗಂಡನಿಗೆ ತಣ್ಣಂದು, ಎದುರಿನವಳಿಗೆ ಬಿಸಿಬಿಸಿಯದು. ದುರಗಪ್ಪನ ಹೊಟ್ಟೆ ಉರಿಯದೆ ಏನಾದೀತು? ಅವನು ಗೊಣಗುತ್ತಾ ಉಣ್ಣುತ್ತಿದ್ದ. ಮಲ್ಲಾಬಾಯಿ ಎದುರಿಗೆ ಸ್ಟೂಲಿನ ಮೇಲೆ ಕೂತು, ಅವನು ಉಂಡು ಮುಗಿಸುವವರೆಗೂ ಓಣಿಯ ಸುದ್ದಿ ಹೇಳುತ್ತಿದ್ದಳು. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಗಮನವೆಲ್ಲ ರೊಟ್ಟಿ ಎಷ್ಟು ಆರಿದೆ ಎನ್ನುವುದರ ಮೇಲೆ.

ಈಗ ಆ ದಿನದ ಕತೆಗೆ ಬರೋಣ. ಶಾಲೆಗಳು ಶುರುವಾಗುವ ಹೊತ್ತು. ಜಾತಿ, ಆದಾಯ, ಪ್ರವೇಶ ಎಂದು ಅರ್ಜಿಗಳ ಸುಗ್ಗಿ. ಅದರ ಜೊತೆಗೆ ಶಾಲೆಗಳಲ್ಲಿ ಬಿಸಿಯೂಟದ ಅಡುಗೆ ಕೆಲಸಕ್ಕೆ ಅರ್ಜಿ ಕರೆದಿದ್ದರು, ಅದನ್ನು ಕೊಡಲು ಅಂದೇ ಕೊನೆಯ ದಿನ, ಸಂಜೆ ಐದರೊಳಗೆ. ಸಾಲದ್ದಕ್ಕೆ ಸುರಪುರದ ಬಸ್ ನಿಲ್ದಾಣದ ಕಡೆ ಬೆಳಗಿನಿಂದ ಕರೆಂಟ್ ಹೋಗಿತ್ತು. ಅಲ್ಲಿನ ಮಂದಿಯೆಲ್ಲ ರಂಗಂಪೇಟೆಯ ಈ ರಸ್ತೆಗೇ ಬಂದಿದ್ದರು.

ಇನ್ನೂ ಹನ್ನೆರಡಾಗಿರಲಿಲ್ಲ. ಕಲ್ಪನಾ ರಸ್ತೆ ದಾಟಿ ಬರುವುದು ದುರಗಪ್ಪನಿಗೆ ಕಂಡಿತು. ಪೂಜೆಯ ಪೇಢೆ ಕೊಟ್ಟ ಮೇಲೆ ಅವಳು ಇವನ ಮೆಟ್ಟಿಲು ಹತ್ತಿದ್ದೇ ಇಲ್ಲ. ಹತ್ತಿದವಳ ಮುಖದಲ್ಲಿ ಬೆವರು, ಕೈಯಲ್ಲಿ ಖಾಲಿ ಬಾಟಲಿ.

"ಕಾಕಾ, ನನ್ನ ಪ್ರಿಂಟರಿನ್ಯಾಗ ಕರೇ ಇಂಕ್ ಮುಗದದ್ರಿ. ಒಂದು ಬಾಟ್ಲಿ ಇದ್ರ ಕೊಡ್ರಿ. ಸಂಜಿ ಬಸ್ಸಿಗೆ ಯಾದಗಿರಿಯಿಂದ ತರಸಿ ನಿಮ್ಮದು ನಿಮಗ ಕೊಡ್ತೇನಿ."

ಫೋಟೋದ ಹಿಂದೆ ಬಾಟಲಿ ಇತ್ತು. ದುರಗಪ್ಪನಿಗೆ ಅದು ಬೆನ್ನಿಗೆ ತಾಗುತ್ತಿರುವಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಅದರ ಜೊತೆಗೆ ಅವಳ ಅಂಗಡಿಯ ಮುಂದಿನ ಚಪ್ಪಲಿಗಳೂ ಕಾಣುತ್ತಿದ್ದವು. ಕೊಡಲೋ ಬೇಡವೋ ಎಂದು ಅವನು ಯೋಚಿಸಲೇ ಇಲ್ಲ. ನಾಲಿಗೆ ತಾನಾಗಿ ಹೊರಳಿತು.

"ನಂದೂ ಮುಗದದ ನೋಡವಾ."

ಹೇಳಿದ ಮೇಲೆ ಅವನಿಗೆ ಹಾಯೆನ್ನಿಸಿತು. ನಾಚಿಕೆಯೇನೂ ಆಗಲಿಲ್ಲ. ಇನ್ನು ಸಂಜೆಯವರೆಗೆ ಈ ರಸ್ತೆಯಲ್ಲಿ ಕಪ್ಪು ಇರುವುದು ನನ್ನೊಬ್ಬನ ಹತ್ತಿರ, ಚಪ್ಪಲಿಗಳು ಹೇಗೆ ಈಚೆ ಬರುವುದಿಲ್ಲವೋ ನೋಡುತ್ತೇನೆ ಎಂದು ಒಳಗೊಳಗೇ ಹಿಗ್ಗಿದ. ಪುಣ್ಯಕ್ಕೆ ಪ್ರಿಂಟರಿನ ಮುಂದೆ ಅವನೇ ಅಡ್ಡ ಕೂತಿದ್ದ, ತುಂಬಿದ ಕಿಟಕಿ ಅವಳಿಗೆ ಕಾಣಲಿಲ್ಲ.

ಆದರೆ ಕಲ್ಪನಾ ಮರುಗಿಬಿಟ್ಟಳು. ಇಂಥ ದಿನವೇ ಕಾಕಾನದೂ ಮುಗಿಯಬೇಕೇ ಎಂದಳು. ಅಕ್ಷರವನ್ನೆಲ್ಲ ಒಟ್ಟಿಗೆ ಹಿಡಿದು ಬಣ್ಣ ಗಾಢ ನೀಲಿ ಮಾಡಿದರೆ ಬಣ್ಣದ ಇಂಕಿನಲ್ಲೇ ಚೆನ್ನಾಗಿ ಬರುತ್ತದೆ, ತಾನು ಹಾಗೇ ಮಾಡುತ್ತೇನೆ, ನೀವೂ ಮಾಡಿರಿ ಎಂದು ಉಪಾಯ ಹೇಳಿಕೊಟ್ಟಳು. ಗಂಡನಿಗೆ ಫೋನು ಮಾಡಿ ನಿಮಗೂ ಒಂದು ಬಾಟಲಿ ಹೇಳುತ್ತೇನೆ ಎಂದಳು. ಬೇಡ ಎನ್ನಲು ದುರಗಪ್ಪನ ಹತ್ತಿರ ಯಾವ ಕಾರಣವಿತ್ತು? ಹೂಂ ಅಂದ. ಅವಳು ಹೋದ ಮೇಲೆ, ನನಗೇ ಪಾಠ ಹೇಳಿಕೊಡುತ್ತಾಳಲ್ಲ ಎಂದು ಉರಿದುಕೊಂಡ.

ತಾನು ತೋಡಿದ ಗುಂಡಿ ಎಷ್ಟು ಆಳದ್ದು ಎಂದು ಅವನಿಗೆ ತಿಳಿದದ್ದು ಮುಂದಿನ ಗಿರಾಕಿ ಬಂದಾಗ. ಬಳೆ ಅಂಗಡಿಯ ಫಕ್ರುದ್ದೀನ ಒಂದು ಅರ್ಜಿ ಟೈಪು ಮಾಡಿಸಲು ಬಂದಿದ್ದ. ಆಚೆ ಗದ್ದಲವಿದೆ, ನಿಮ್ಮಲ್ಲೂ ಕರೇ ಇಂಕ್ ಇಲ್ಲವಂತೆ, ನೀಲಿಯಾದರೂ ಸರಿ ಲಗೂ ತೆಗೆದುಕೊಡಿರಿ, ಆಧಾರಿನ ಝೆರಾಕ್ಸ್ ಕಲ್ಪನಾಳ ಹತ್ತಿರವೇ ಬಿಟ್ಟು ಬಂದಿದ್ದೇನೆ, ಹೋಗಿ ತಗೊಳ್ಳಬೇಕು ಎಂದ. ದುರಗಪ್ಪನ ಕೈ ಕೀಲಿಯ ಮೇಲೆ ನಿಂತುಬಿಟ್ಟಿತು. ಕಪ್ಪಗೆ ತೆಗೆದುಕೊಟ್ಟರೆ ಆ ಕಾಗದ ನೇರ ಕಲ್ಪನಾಳ ಮೇಜಿಗೆ ಹೋಗುತ್ತದೆ. ಹೋದ ಮೇಲೆ ಊರಿಗೇ ಗೊತ್ತಾಗುತ್ತದೆ. ಅಂಗಡಿ ಮುಚ್ಚಿ ಮನೆಗೆ ಹೋಗೋಣವೆಂದರೆ ಇರುವ ನಾಲ್ಕು ಚಪ್ಪಲಿಗಳೂ ಆಚೆಗೇ ಹೋಗುತ್ತವೆ.

ಬೇರೆ ದಾರಿ ಕಾಣಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಪ್ರಿಂಟರಿನ ಮೂತಿಗೆ ಇಳಿಬಿಟ್ಟ. ಕುತ್ತಿಗೆಯವರೆಗೆ ತುಂಬಿದ ಕಪ್ಪು ಟವೆಲಿನ ಮರೆಗೆ ಹೋಯಿತು. ಆಮೇಲೆ ಜನ್ಮದಲ್ಲಿ ಮೊದಲ ಸಲ ಅಕ್ಷರವನ್ನೆಲ್ಲ ನೀಲಿ ಮಾಡಿ ಪ್ರಿಂಟ್ ಕೊಟ್ಟ.

ಕಾಗದ ಹೊರಗೆ ಬಂತು. ಅದನ್ನು ನೋಡಿ ದುರಗಪ್ಪನಿಗೆ ತನ್ನ ಮೈಮೇಲೆ ಬಟ್ಟೆಯಿಲ್ಲದಂತೆ ಆಯಿತು. ಫಕ್ರುದ್ದೀನ ಹಾಗೆ ಹೀಗೆ ತಿರುಗಿಸಿ ನೋಡಿ, ದುರಗಪ್ಪಣ್ಣನ ಅಂಗಡಿಯ ಕಾಗದ ಅಂದರೆ ಯಾರೂ ನಂಬುವುದಿಲ್ಲ ಎಂದು ನಕ್ಕು ಹೋದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎಲ್ಲರಿಗೂ ನೀಲಿ. ಟವೆಲಿನ ಹಿಂದೆ ಬೇಕಾದಷ್ಟು ಕಪ್ಪು ಇಟ್ಟುಕೊಂಡು ಅವನು ನೀಲಿಯ ಮೇಲೆ ನೀಲಿ ತೆಗೆದ. ಆಚೆ ಕಲ್ಪನಾ ಬಂದವರಿಗೆಲ್ಲ ಮೊದಲೇ ಹೇಳುತ್ತಿದ್ದಳು, ನೀಲಿ ಬರುತ್ತದೆ, ನಡೆಯುತ್ತದೆ ಅಂದರೆ ತೆಗೆಯುತ್ತೇನೆ, ಇಲ್ಲವಾದರೆ ಸಂಜೆ ಬನ್ನಿರಿ ಎಂದು. ಮಂದಿ ಒಪ್ಪಿಕೊಂಡು ಕೂರುತ್ತಿದ್ದರು. ಈಚೆ ದುರಗಪ್ಪ ಏನೂ ಹೇಳದೆ ಕೊಟ್ಟು ಬೈಸಿಕೊಳ್ಳುತ್ತಿದ್ದ. ಕಪ್ಪು ಇಲ್ಲದೆಯೂ ಅವಳು ಗೆಲ್ಲುತ್ತಿದ್ದಳು. ಕಪ್ಪು ಇದ್ದೂ ಇವನು ಸೋಲುತ್ತಿದ್ದ. ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಇನ್ನೇನಿದೆ?

ಮಧ್ಯಾಹ್ನ ಮಲ್ಲಾಬಾಯಿ ಬಂದಳು. ಎಂದಿನಂತೆ ಮೊದಲು ಆಚೆ. ಅಂದು ಅಲ್ಲಿ ನಗೆ ಕೇಳಿಸಲಿಲ್ಲ, ಇಬ್ಬರೂ ತಲೆ ತಗ್ಗಿಸಿ ಏನೋ ಮಾತಾಡುತ್ತಿದ್ದರು. ರಸ್ತೆ ದಾಟಿ ಬಂದು ರೊಟ್ಟಿ ಬಿಚ್ಚಿಟ್ಟಳು. ದುರಗಪ್ಪ ಮುಟ್ಟಿ ನೋಡಿ, ಆಚೆಯವಳಿಗೆ ಇನ್ನೆರಡು ಕೊಟ್ಟು ಬರಬೇಕಿತ್ತು ಎಂದು ಚುಚ್ಚಿದ. ಅವಳು ಸ್ಟೂಲಿನ ಮೇಲೆ ಕೂತು ಮೇಜಿನ ಮೇಲಿದ್ದ ನೀಲಿ ಕಾಗದಗಳನ್ನು ನೋಡಿದಳು.

"ಕರೇ ಮಸಿ ಖರೇನೇ ಮುಗದದೇನ್ರಿ?"

ಮುಗಿದಿದೆ ಅಂದ.

"ನೀವು ಮುಗಿಯಾಕ ಬಿಡೋರಲ್ಲ, ಅದಕ್ಕ ಕೇಳಿದೆ."

ಅವಳು ಹಾಗೆ ಕೇಳಿದ್ದು ಅವನನ್ನು ಇನ್ನಷ್ಟು ರೇಗಿಸಿತು. ಆಚೆಯವಳೇ ಪತ್ತೇದಾರಿಗೆ ಕಳಿಸಿರಬೇಕು ಎಂದುಕೊಂಡ. ಎಷ್ಟು ಸಲ ಹೇಳಬೇಕು, ಮುಗಿದಿದೆ ಅಂದರೆ ಮುಗಿದಿದೆ ಎಂದು ಗದರಿದ. ಮಲ್ಲಾಬಾಯಿ ಅಂದು ಓಣಿಯ ಸುದ್ದಿ ಹೇಳಲಿಲ್ಲ. ಅವನು ಉಂಡ ಮೇಲೆ ಡಬ್ಬಿ ತೊಳೆದುಕೊಂಡು ಎದ್ದು ಹೋದಳು. ಮನೆಯ ದಾರಿ ಹಿಡಿಯದೆ ಮತ್ತೆ ಕಲ್ಪನಾಳ ಅಂಗಡಿಗೇ ಹೋದದ್ದನ್ನು ದುರಗಪ್ಪ ಕಂಡ.

ನಾಲ್ಕೂವರೆಯ ಹೊತ್ತಿಗೆ ಇಬ್ಬರೂ ಒಟ್ಟಿಗೆ ರಸ್ತೆ ದಾಟಿ ಬಂದರು. ಮಲ್ಲಾಬಾಯಿ ಹೊಸ ಸೀರೆ ಉಟ್ಟಿದ್ದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇದೇನು ಎಂದು ಅವನು ಹುಬ್ಬು ಗಂಟಿಕ್ಕಿದ. ಅವಳ ಮುಖ ನೋಡಿ ಗಂಟು ಸಡಿಲವಾಯಿತು. ಅಳು ತಡೆದುಕೊಂಡ ಮುಖ ಅದು. ಮೆಟ್ಟಿಲ ಮೇಲೇ ನಿಂತು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟಳು. ಓಣಿಯ ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ತಾನು ಅರ್ಜಿ ಹಾಕುತ್ತಿದ್ದೇನೆ. ಕಲ್ಪನಾಳ ಹತ್ತಿರ ಟೈಪು ಮಾಡಿಸಿದ್ದೇನೆ. ಬೆಳಿಗ್ಗೆ ಅವಳ ಇಂಕು ಮುಗಿದದ್ದು ತನ್ನ ಅರ್ಜಿ ತೆಗೆಯುವ ಹೊತ್ತಿಗೇ. ನೀಲಿಯಲ್ಲೇ ತೆಗೆಸಿಕೊಂಡು ಕಚೇರಿಗೆ ಹೋದರೆ, ಇದರ ಝೆರಾಕ್ಸ್ ಮಂಕು ಬರುತ್ತದೆ, ಕಪ್ಪಿನಲ್ಲಿ ತೆಗೆಸಿಕೊಂಡು ಐದರೊಳಗೆ ತಂದರೆ ತಗೊಳ್ಳುತ್ತೇವೆ, ಇಲ್ಲವಾದರೆ ಇಲ್ಲ ಎಂದು ವಾಪಸು ಕಳಿಸಿದ್ದಾರೆ. ನಿಲ್ದಾಣದ ಕಡೆ ಇನ್ನೂ ಕರೆಂಟಿಲ್ಲ. ನಿಮ್ಮ ಪ್ರಿಂಟರಿನ ತಳದಲ್ಲಿ ಒಂದು ಹಾಳೆಗಾಗುವಷ್ಟಾದರೂ ಕಪ್ಪು ಉಳಿದಿರಬಹುದೇನೋ ಎಂದು ಕಲ್ಪನಾ ಅರ್ಜಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದಿದ್ದಾಳೆ.

ದುರಗಪ್ಪನಿಗೆ ಮೊದಲು ಹೊಳೆದದ್ದು ಅರ್ಜಿಯ ಸಂಗತಿಯಲ್ಲ. ಅವನ ಹೆಂಡತಿ ತನ್ನ ಅರ್ಜಿಯನ್ನು ಎದುರಿನ ಅಂಗಡಿಯಲ್ಲಿ ಟೈಪು ಮಾಡಿಸಿದ್ದಾಳೆ! ಇಡೀ ತಾಲೂಕಿನ ಅರ್ಜಿ ಬರೆದ ಮನುಷ್ಯ ಮನೆಯಲ್ಲೇ ಇರುವಾಗ! ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನಿಮಗ ಹೇಳಿದ್ರ ಮುಖಾ ಗಂಟು ಹಾಕ್ತಿದ್ರಿ. ನಿನ್ನ ಗಳಿಕಿ ಮ್ಯಾಲ ಮನಿ ನಡೀಬೇಕೇನು ಅಂತಿದ್ರಿ. ನನಗ ಆ ಕೆಲಸ ಬೇಕಾಗ್ಯದ್ರಿ. ಮಕ್ಕಳಿಗೆ ಮಾಡಿ ಹಾಕೋದು, ನಾಕು ಮಂದಿ ಒಳಗ ನಿಂದರೋದು, ಅದು ನನಗ ಬೇಕಾಗ್ಯದ. ಈಗ ಅದೂ ಹೋತು."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಬೇಕು ಎಂದು ಬಾಯಿಬಿಟ್ಟು ಹೇಳಿದ್ದನ್ನು ಅವನು ಕೇಳಿರಲಿಲ್ಲ. ಗೋಡೆಯ ಗಡಿಯಾರ ನೋಡಿದ. ಶಹಾಪುರಕ್ಕೆ ಹೋಗಿ ಬರುವ ಮಾತೇ ಇಲ್ಲ. ಎಲ್ಲೋ ತಳದಲ್ಲಿ ಒಂದು ಹನಿ ಉಳಿದಿರಬಹುದು ನೋಡುತ್ತೇನೆ ಎಂದು ನಾಟಕ ಹೂಡಲೇ ಎಂದು ಒಂದು ಕ್ಷಣ ಯೋಚಿಸಿದ. ಆದರೆ ಟವೆಲು ಎತ್ತದೆ ನಾಟಕವೂ ಆಗುವಂತಿರಲಿಲ್ಲ, ಎತ್ತಿದರೆ ನಾಟಕ ಉಳಿಯುವಂತಿರಲಿಲ್ಲ. ಒಂದು ಕಡೆ ಮಲ್ಲಾಬಾಯಿ ನಿಂತಿದ್ದಾಳೆ, ಅವಳ ಪಕ್ಕದಲ್ಲೇ ಕಲ್ಪನಾ. ಹೆಂಡತಿಯೊಬ್ಬಳೇ ಇದ್ದಿದ್ದರೆ ಆಗಲೇ ಎತ್ತಿಬಿಡುತ್ತಿದ್ದ. ಆ ಇನ್ನೊಬ್ಬಳ ಎದುರಿಗೆ ಎತ್ತಬೇಕಲ್ಲ ಎನ್ನುವುದೇ ಅವನನ್ನು ಕೊಂದಿತು.

ಕೊನೆಗೆ ಕಲ್ಪನಾಳ ಕೈಯಿಂದ ಪೆನ್‌ಡ್ರೈವ್ ಇಸಿದುಕೊಂಡು ಕಂಪ್ಯೂಟರಿಗೆ ಸಿಕ್ಕಿಸಿದ. ಅರ್ಜಿ ತೆರೆದು ಪ್ರಿಂಟ್ ಕೊಟ್ಟ. ಕಾಗದ ಬಂತು, ನೀಲಿಯಲ್ಲೇ. ಕಲ್ಪನಾ ಅಕ್ಷರಗಳನ್ನು ನೀಲಿ ಮಾಡಿಟ್ಟದ್ದು ಹಾಗೇ ಇತ್ತು, ಅದನ್ನು ತಿರುಗಿ ಕಪ್ಪು ಮಾಡಬೇಕು ಎನ್ನುವುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಕಪ್ಪು ಯಾಕೆ ಬರಲಿಲ್ಲ ಎಂದು ಬಗ್ಗಿ ನೋಡಲು ಹೋಗಿ, ರೂಢಿಯ ಕೈ ತಾನೇ ಟವೆಲನ್ನು ಸರಕ್ಕನೆ ಎಳೆಯಿತು.

ಕಪ್ಪು ಕಿಟಕಿ ಕುತ್ತಿಗೆಯವರೆಗೆ ತುಂಬಿತ್ತು. ಮೂವರೂ ನೋಡಿದರು. ಹೊರಗೆ ಟಂಟಂ ಆಟೋ ಒಂದು ಸದ್ದು ಮಾಡಿಕೊಂಡು ಹೋಯಿತು. ದುರಗಪ್ಪ ಮೌಸು ಹಿಡಿದು ಆಡಿಸಿದ, ಬಾಣದ ಗುರುತು ಪರದೆಯ ಮೇಲೆ ಎಲ್ಲೆಲ್ಲೋ ಓಡುತ್ತಿತ್ತು.

"ಈ ಕಡೆ ಸರೀರಿ ಕಾಕಾ" ಎಂದಳು ಕಲ್ಪನಾ.

ಅವನು ಎದ್ದ. ಅವಳು ಅವನ ಕುರ್ಚಿಯಲ್ಲಿ ಕೂತಳು. ಗೋಡೆಯ ಕಡೆ ತಿರುಗಿದ್ದ ಕಂಪ್ಯೂಟರಿನ ಮುಖವನ್ನು ಈಚೆಗೆ ತಿರುಗಿಸಿ, ಅಕ್ಷರ ಕಪ್ಪು ಮಾಡಿ, ಕಾಕು, ನಿಮ್ಮ ಹೆಸರು ಇನ್ನೊಮ್ಮೆ ನೋಡಿರಿ ಎಂದು ಮಲ್ಲಾಬಾಯಿಗೆ ತೋರಿಸಿ, ಪ್ರಿಂಟ್ ಕೊಟ್ಟಳು. ಕಾಗದ ಕಪ್ಪಗೆ, ದುಂಡಗೆ ಬಂತು. ತನ್ನ ಅಂಗಡಿ, ತನ್ನ ಕುರ್ಚಿ, ತನ್ನ ಕಪ್ಪು, ತನ್ನ ಹೆಂಡತಿ. ಕೂತವಳು ಮಾತ್ರ ಅವಳು. ದುರಗಪ್ಪ ಮೂಲೆಯಲ್ಲಿ ಟವೆಲು ಹಿಡಿದುಕೊಂಡು ನಿಂತಿದ್ದ. ಅಂಥ ಹೊತ್ತಿನಲ್ಲೂ ನಾಚಿಕೆಯ ಜೊತೆಗೆ ಅವನ ಹೊಟ್ಟೆ ಉರಿಯಿತು ಅಂದರೆ ಅವನನ್ನು ಏನೆನ್ನಬೇಕು?

ಕಲ್ಪನಾ ತನ್ನ ಸ್ಕೂಟಿಯ ಹಿಂದೆ ಮಲ್ಲಾಬಾಯಿಯನ್ನು ಕೂರಿಸಿಕೊಂಡು ಹೋದಳು. ಐದಕ್ಕೆ ಮುಂಚೆಯೇ ಅರ್ಜಿ ಕೊಟ್ಟು ಬಂದರೆಂದು ದುರಗಪ್ಪನಿಗೆ ತಿಳಿದದ್ದು ಫಕ್ರುದ್ದೀನನ ಬಾಯಿಂದ. ಹೆಂಡತಿ ಬಂದು ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಯಾದಗಿರಿಯ ಬಸ್ಸು ಬಂತು. ಸ್ವಲ್ಪ ಹೊತ್ತಿಗೆ ಕಲ್ಪನಾ ಮತ್ತೆ ಮೆಟ್ಟಿಲು ಹತ್ತಿದಳು. ಅವಳ ಕೈಯಲ್ಲಿ ಹೊಸ ಕಪ್ಪು ಬಾಟಲಿ. ಅದನ್ನು ಮೇಜಿನ ಮೇಲಿಟ್ಟಳು.

"ಹೇಳಿದ್ನಲ್ರಿ ಕಾಕಾ, ತಗೋರ್ರಿ. ಇಡಾಕ ಜಾಗಾ ಅದ ಇಲ್ರಿ?"

ಅವಳ ಮುಖದಲ್ಲಿ ನಗೆಯಿರಲಿಲ್ಲ. ಆ ಹುಡುಗಿಯ ಮಾತಿನಲ್ಲಿ ಮೊನೆಯೂ ಇದೆ ಎನ್ನುವುದು ದುರಗಪ್ಪನಿಗೆ ಅಂದೇ ಗೊತ್ತಾದದ್ದು. ಅವನು ರೊಕ್ಕ ಕೊಟ್ಟ, ಅವಳು ತಗೊಂಡು ಇಳಿದು ಹೋದಳು. ಬಾಟಲಿಯನ್ನು ಫೋಟೋದ ಹಿಂದೆ ಇಡಲು ಹೋದ. ಅಲ್ಲಿ ಮೊದಲಿನದು ಇತ್ತು. ಎರಡೂ ಸೇರಿದರೆ ಮೌನೇಶ್ವರನ ಫೋಟೋ ಗೋಡೆಗೆ ಒರಗದೆ ಮುಂದಕ್ಕೆ ಬಾಗುತ್ತಿತ್ತು. ಹೊಸದನ್ನು ಮೇಜಿನ ಕೆಳಗೆ ದೂಡಿ ಬಾಗಿಲು ಹಾಕಿದ.

ಮನೆಯಲ್ಲಿ ಮಲ್ಲಾಬಾಯಿ ಚಹಾ ತಂದುಕೊಟ್ಟಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಚಹಾ ಕುಡಿದು ಮುಗಿಸುವವರೆಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆಮೇಲೆ ಕೇಳಿದಳು.

"ಅದು ನನ್ನ ಅರ್ಜಿ ಅಂತ ಗೊತ್ತಿದ್ರ ಮಸಿ ಕೊಡ್ತಿದ್ರಿ, ಹೌದಿಲ್ರಿ?"

"ಕೊಡ್ತಿದ್ದೆ. ದೇವರಾಣಿ ಕೊಡ್ತಿದ್ದೆ."

"ಮತ್ತ, ಮಂದೀದು ಇದ್ರ?"

ದುರಗಪ್ಪ ಚಹಾದ ಕಪ್ಪಿನ ತಳ ನೋಡಿದ. ಅವಳು ಅವನ ಕೈಯಿಂದ ಕಪ್ಪು ಇಸಿದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ದುರಗಪ್ಪ ಅಂಗಡಿ ತೆಗೆದು, ಯಾಕೋ ಏನೋ, ಕಂಪ್ಯೂಟರಿನ ಮುಖ ಕಲ್ಪನಾ ತಿರುಗಿಸಿದ ಹಾಗೇ ಇರಲಿ ಎಂದು ಬಿಟ್ಟ. ಗಿರಾಕಿಗಳು ಬಂದರು, ಕಪ್ಪು ಅಕ್ಷರ ತೆಗೆಸಿಕೊಂಡು ಹೋದರು. ಕಪ್ಪು ಬಂತಲ್ಲ ಎಂದು ಒಬ್ಬರಿಬ್ಬರು ಅಂದರು. ನಿನ್ನೆಯ ಸಂಗತಿ ಯಾರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅಂದರೆ ಕಲ್ಪನಾ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆ ದಾರಿಯನ್ನೂ ಅವಳು ಮುಚ್ಚಿದ್ದಳು.

ಮಧ್ಯಾಹ್ನ ಮಲ್ಲಾಬಾಯಿ ಡಬ್ಬಿ ಹಿಡಿದು ಬರುವುದು ಕಂಡಿತು. ದುರಗಪ್ಪ ನೋಡುತ್ತಲೇ ಇದ್ದ. ಅವಳು ಕಲ್ಪನಾಳ ಅಂಗಡಿಯ ಮುಂದೆ ನಿಲ್ಲಲಿಲ್ಲ. ನೇರ ರಸ್ತೆ ದಾಟಿ ಈಚೆಗೆ ಬಂದಳು. ಮೇಜಿನ ಮೇಲೆ ಡಬ್ಬಿ ಇಟ್ಟು ಬಿಚ್ಚಿದಳು. ರೊಟ್ಟಿಯಿಂದ ಹಬೆ ಏಳುತ್ತಿತ್ತು. ಕಲ್ಪನಾ ಎದುರಿಗೆ ಬಂದ ಮೇಲೆ ಅಂಗಡಿಯಲ್ಲಿ ಬಿಸಿ ರೊಟ್ಟಿ ಕಂಡದ್ದು ಅಂದೇ. ಅವನ ಮುಖ ಅರಳಿತು, ಕಲ್ಪನಾಳಿಗಿಂತ ಮೊದಲು ನನಗೆ ಎಂದು ಎದೆ ಉಬ್ಬಿತು. ಕೈ ತೊಳೆದುಕೊಂಡು ಬಂದು, ಅವಳು ಕೂರಲಿ ಎಂದು ಸ್ಟೂಲನ್ನು ತಾನೇ ಮುಂದಕ್ಕೆ ಸರಿಸಿದ.

"ಬಿಸಿ ಅವ, ಉಣ್ರಿ" ಎಂದಳು ಮಲ್ಲಾಬಾಯಿ. "ಡಬ್ಬಿ ಸಂಜಿಗೆ ನೀವೇ ತರ್ರಿ."

ಕೂರಲಿಲ್ಲ. ಸೆರಗಿನ ಮರೆಯಲ್ಲಿದ್ದ ಇನ್ನೊಂದು ಸಣ್ಣ ಗಂಟನ್ನು ಕೈಗೆ ತಗೊಂಡು ಮೆಟ್ಟಿಲಿಳಿದು ರಸ್ತೆ ದಾಟಿದಳು. ಕಲ್ಪನಾ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು. ಇಬ್ಬರೂ ಗಂಟು ಬಿಚ್ಚಿಕೊಂಡು ಉಣ್ಣಲು ಕೂತರು. ಮಲ್ಲಾಬಾಯಿ ಓಣಿಯ ಯಾವುದೋ ಸುದ್ದಿ ಹೇಳುತ್ತಿದ್ದಳು, ಕೈಯಾಡಿಸುತ್ತಾ, ನಡುನಡುವೆ ನಗುತ್ತಾ. ರಸ್ತೆಯ ಸದ್ದಿನಲ್ಲಿ ಈಚೆಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ದುರಗಪ್ಪ ರೊಟ್ಟಿ ಮುರಿದ. ಬೆರಳು ಸುಡುವಷ್ಟು ಬಿಸಿಯಿತ್ತು. ಖಾಲಿ ಸ್ಟೂಲಿನ ಎದುರಿಗೆ ಒಬ್ಬನೇ ಕೂತು, ಅದು ಆರುವವರೆಗೂ ಬಾಯಿಗಿಡದೆ, ಅವಳು ಅಲ್ಲಿ ಏನು ಹೇಳುತ್ತಿರಬಹುದು ಎಂದು ನೋಡುತ್ತಿದ್ದ.